ಲಿನಕ್ಸ್ ಲ್ಯಾಪ್‌ಟಾಪಿನ ಮೈಕ್ ಕೈಕೊಟ್ಟಾಗ: ದನಿ ಎಲ್ಲಿ ನಿಂತಿದೆ ಎಂದು ಹುಡುಕುವ ಬಗೆ

ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರಿದ್ದಾರೆ. ಕಣ್ಣು ಕಾಣದ ಪಿಯುಸಿ ವಿದ್ಯಾರ್ಥಿಗಳಿಗಾಗಿ ಅವರು ಪಾಠಗಳನ್ನು ಓದಿ, ರೆಕಾರ್ಡ್ ಮಾಡಿ, ಮೊಬೈಲಿಗೆ ಕಳಿಸಿಕೊಡುತ್ತಾರೆ. ಬೆಳಗಿನ ಐದಕ್ಕೆ ಕುಳಿತರೆ ಹಾಲಿನ ಗಾಡಿ ಬರುವ ಹೊತ್ತಿಗೆ ಒಂದು ಪಾಠ ಮುಗಿದಿರುತ್ತದೆ. ಹಳೆಯ ಲ್ಯಾಪ್‌ಟಾಪ್ ಹೋದ ಮೇಲೆ ಬಳಸಿದ ಲ್ಯಾಪ್‌ಟಾಪ್ ಒಂದನ್ನು ಕೊಂಡು, ಅದಕ್ಕೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿಸಿ, ಮೂರು ವಾರ ಓದಿದರು. ಅಷ್ಟನ್ನೂ ಒಟ್ಟಿಗೆ ಕಳಿಸಿದ ದಿನ ಸಂಜೆ ಒಬ್ಬ ವಿದ್ಯಾರ್ಥಿನಿ ಫೋನ್ ಮಾಡಿದಳು: "ಸರ್, ಪಾಠ ಬಂದಿದೆ. ಹದಿನೆಂಟು ನಿಮಿಷ ಎಂದು ಫೋನ್ ಹೇಳುತ್ತಿದೆ. ಆದರೆ ಒಳಗೆ ನಿಮ್ಮ ದನಿಯೇ ಇಲ್ಲ."

ಮೇಷ್ಟ್ರು ಲ್ಯಾಪ್‌ಟಾಪಿಗೆ ಇಯರ್‌ಫೋನ್ ಹಾಕಿ ಕೇಳಿದರೆ ದನಿ ಇತ್ತು. ಅದೇ ಪಾಠ ಮೊಬೈಲಿನಲ್ಲಿ ಮೌನ. ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ ಮೈಕ್ ಹೋಗಿದೆ, ಬೋರ್ಡ್ ಬಿಚ್ಚಬೇಕು ಎಂದರಂತೆ. ಅವರು ಯಂತ್ರವನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದಾಗ ಮುಖದಲ್ಲಿದ್ದುದು ಖರ್ಚಿನ ಚಿಂತೆಯಲ್ಲ. ಪರೀಕ್ಷೆ ಹತ್ತಿರ ಬಂದಿತ್ತು.

ಮೈಕ್ ಹೋಗಿರಲಿಲ್ಲ. ಏನಾಗಿತ್ತು ಎಂಬುದನ್ನು ವಿವರವಾಗಿ ಹೇಳುತ್ತೇನೆ, ಆದರೆ ಆ ದೋಷವನ್ನು ತಲುಪುವ ಮೊದಲು ಅದಕ್ಕಿಂತ ಸಾಮಾನ್ಯವಾದ ಹಲವು ದೋಷಗಳನ್ನು ದಾಟಿ ಹೋಗಬೇಕು. ದಾಟುವಾಗ ಒಂದು ಮಾತನ್ನು ಬಿಡದೆ ಹಿಡಿದುಕೊಳ್ಳಿ: ಹಾಳಾದ ರೆಕಾರ್ಡಿಂಗನ್ನು ಅಳಿಸಬೇಡಿ. ಅದೇ ಸಾಕ್ಷಿ. ಅದರೊಳಗಿನ ಮೌನ ಯಾವ ಬಗೆಯದು ಎಂದು ನೋಡಿದರೆ ದೋಷ ಎಲ್ಲಿದೆ ಎಂಬುದು ಅರ್ಧ ತಿಳಿದಂತೆ. ಅದನ್ನು ನೋಡದೆ ಸೆಟ್ಟಿಂಗ್ಸ್ ತಿರುವುತ್ತಾ ಹೋದವರು ಕೊನೆಗೆ ಇಡೀ ಲಿನಕ್ಸನ್ನೇ ಮತ್ತೆ ಹಾಕಿ ಕುಳಿತಿರುವುದನ್ನು ನಾನು ಕಂಡಿದ್ದೇನೆ, ಆಮೇಲೂ ಅದೇ ಮೌನ.

ದನಿ ದಾಟುವ ನಾಲ್ಕು ಕೈ

ನಾವು ಆಡಿದ ಮಾತು ಫೈಲ್ ಆಗುವ ಮೊದಲು ನಾಲ್ಕು ಕೈ ದಾಟುತ್ತದೆ. ಮೊದಲನೆಯದು ಮೈಕ್, ಪರದೆಯ ಅಂಚಿನಲ್ಲಿ ಸೂಜಿ ಚುಚ್ಚಿದಷ್ಟು ರಂಧ್ರ, ಅದರ ಹಿಂದೆ ಒಂದು ಸಣ್ಣ ಬಿಲ್ಲೆ. ಎರಡನೆಯದು ಲಿನಕ್ಸಿನ ತಿರುಳಾದ ಕರ್ನಲ್‌ನೊಳಗಿನ ಆಲ್ಸಾ, ಅಂದರೆ ಸೌಂಡ್ ಕಾರ್ಡುಗಳನ್ನು ನಡೆಸುವ ತಂತ್ರಾಂಶಗಳಾದ ಡ್ರೈವರ್‌ಗಳಿರುವ ಭಾಗ. 2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನಲ್‌ನಿಂದ ಈಚೆಗೆ ಲಿನಕ್ಸಿನ ದನಿಗೆಲ್ಲ ಇದೇ ಬುಡ. ಮೂರನೆಯದು ಸೌಂಡ್ ಸರ್ವರ್. ಹಲವು ಕಾರ್ಯಕ್ರಮಗಳು ಒಂದೇ ಮೈಕನ್ನು ಹಂಚಿಕೊಳ್ಳುವಂತೆ ಮಾಡುವುದು, ಯಾವ ಮೈಕ್ ಎಂದು ಆರಿಸುವುದು ಇದರ ಕೆಲಸ. ಬಹಳ ವರ್ಷ ಈ ಜಾಗದಲ್ಲಿ ಪಲ್ಸ್‌ಆಡಿಯೊ ಇತ್ತು. ಈಗ ಪೈಪ್‌ವೈರ್ ಬಂದಿದೆ. ಲಿನಕ್ಸಿನ ಬಗೆಗಳಲ್ಲಿ ಫೆಡೋರಾ 2021ರಲ್ಲಿ ತನ್ನ 34ನೇ ಆವೃತ್ತಿಯಿಂದ, ಉಬುಂಟು 22.10ರಿಂದ, ಲಿನಕ್ಸ್ ಮಿಂಟ್ 22ರಿಂದ ಪೈಪ್‌ವೈರ್ ಬಳಸುತ್ತಿವೆ. ನಾಲ್ಕನೆಯದು ನಮ್ಮ ಎದುರಿಗಿರುವ ಕಾರ್ಯಕ್ರಮ: ದನಿ ರೆಕಾರ್ಡ್ ಮಾಡಿ ತಿದ್ದುವ ಆಡಾಸಿಟಿ, ಬ್ರೌಸರ್, ಮತ್ತಾವುದೋ ಒಂದು.

ಸಾಮಾನ್ಯವಾಗಿ ಎಲ್ಲರೂ ಕಣ್ಣಿಗೆ ಕಾಣುವ ನಾಲ್ಕನೆಯದರಿಂದ ಹುಡುಕಲು ಶುರುಮಾಡುತ್ತಾರೆ. ನಾನು ಬುಡದಿಂದ ಮೇಲಕ್ಕೆ ಬರುತ್ತೇನೆ. ಕೊಳಾಯಿಯಲ್ಲಿ ನೀರು ಬಾರದಿದ್ದರೆ ಮೊದಲು ನೋಡಬೇಕಾದದ್ದು ಟ್ಯಾಂಕಿನಲ್ಲಿ ನೀರಿದೆಯೇ ಎಂದು.

ಮುಂದೆ ಬರುವ ಆಜ್ಞೆಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಆಜ್ಞೆ ಕೊಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಜಾಗ ಬಿಟ್ಟ ಕಡೆ ಜಾಗ, ಅಡ್ಡಗೀಟು ಇದ್ದ ಕಡೆ ಅಡ್ಡಗೀಟು.

ಮೊದಲು ಕೈಗೆ ಸಿಗುವುದನ್ನು ನೋಡಿ

ಕೀಬೋರ್ಡಿನ ಮೇಲ್ಸಾಲಿನಲ್ಲಿ ಗೀಟು ಎಳೆದ ಮೈಕಿನ ಚಿತ್ರವಿರುವ ಕೀಲಿ ಇದೆಯೇ? ಅದರ ದೀಪ ಹೊತ್ತಿದ್ದರೆ ಮೈಕ್ ಮುಚ್ಚಿದೆ. ಕೆಲವು ಮಾದರಿಗಳಲ್ಲಿ ಪಕ್ಕದ ಅಂಚಿನಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಇನ್ನು ಕೆಲವದರಲ್ಲಿ ಯಂತ್ರ ಹಚ್ಚಿದ ಕೂಡಲೇ ತೆರೆಯಬಹುದಾದ ಮೂಲ ಸೆಟ್ಟಿಂಗ್ಸ್ ಆದ ಬಯೋಸ್‌ನ ಭದ್ರತೆಯ ಪುಟದಲ್ಲೇ ಮೈಕನ್ನು ಬಂದ್ ಮಾಡಿಡಬಹುದು. ಬಯೋಸ್‌ನಲ್ಲಿ ಬಂದ್ ಮಾಡಿದ್ದರೆ ಲಿನಕ್ಸಿನಲ್ಲಿ ಏನು ಮಾಡಿದರೂ ಅದು ಕಾಣುವುದಿಲ್ಲ. ಬಳಸಿದ ಲ್ಯಾಪ್‌ಟಾಪ್ ಕೊಂಡವರು, ಅದರಲ್ಲೂ ಯಾವುದೋ ಕಚೇರಿಯಲ್ಲಿದ್ದು ಬಂದ ಯಂತ್ರ ಕೊಂಡವರು, ಇದನ್ನು ಒಮ್ಮೆ ನೋಡಲೇಬೇಕು.

ಇನ್ನೊಂದು ಸಂಗತಿ. ಕ್ಯಾಮೆರಾ ಮುಚ್ಚಲು ಅಂಟಿಸುವ ಪ್ಲಾಸ್ಟಿಕ್ ಪಟ್ಟಿ ಪಕ್ಕದಲ್ಲೇ ಇರುವ ಮೈಕಿನ ರಂಧ್ರವನ್ನೂ ಮುಚ್ಚಿರುತ್ತದೆ. ದನಿ ಗೋಡೆಯಾಚೆಯಿಂದ ಬಂದಂತೆ ಕೇಳುತ್ತಿದ್ದರೆ ಅಲ್ಲಿ ಬೆರಳಾಡಿಸಿ ನೋಡಿ. ದೂಳು ಕೂತಿದ್ದರೆ ಮೆತ್ತನೆಯ ಒಣ ಬ್ರಷ್ ಸಾಕು. ರಂಧ್ರಕ್ಕೆ ಸೂಜಿ ಹಾಕಬೇಡಿ. ಒಳಗಿನ ಪೊರೆ ಹರಿದರೆ ಆಗ ಮೈಕ್ ನಿಜವಾಗಿಯೂ ಹೋಗುತ್ತದೆ.

ಐದು ಸೆಕೆಂಡಿನ ಪರೀಕ್ಷೆ

ಎಲ್ಲ ಕಾರ್ಯಕ್ರಮಗಳನ್ನೂ ಮುಚ್ಚಿ, ಟರ್ಮಿನಲ್ ತೆರೆಯಿರಿ.

ಎರೆಕಾರ್ಡ್ -ಎಲ್

ಇಲ್ಲಿ ಎರೆಕಾರ್ಡ್ ಎಂದರೆ 'ಎ' ಅಕ್ಷರಕ್ಕೆ 'ರೆಕಾರ್ಡ್' ಅಂಟಿಸಿ ಬರೆದದ್ದು. ಕರ್ನಲ್‌ಗೆ ಗೊತ್ತಿರುವ ರೆಕಾರ್ಡಿಂಗ್ ಸಾಧನಗಳ ಪಟ್ಟಿ ಬರುತ್ತದೆ: ಕಾರ್ಡ್ 0, ಡಿವೈಸ್ 0 ಎಂಬ ರೀತಿಯಲ್ಲಿ. ಪಟ್ಟಿಯಲ್ಲಿ ಏನಾದರೂ ಇದ್ದರೆ ಎರಡನೆಯ ಕೈಯವರೆಗೆ ದಾರಿ ಇದೆ ಎಂದಾಯಿತು. ಏನೂ ಇಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಹುಡುಕುವುದು ವ್ಯರ್ಥ. ಮುಂದೆ ಪಟ್ಟಿಯೇ ಖಾಲಿ ಇದ್ದರೆ ಎಂದು ಬರೆದಿರುವ ಭಾಗಕ್ಕೆ ಹೋಗಿ.

ಎರೆಕಾರ್ಡ್ -ಎಫ್ ಸಿಡಿ -ಡಿ 5 ಒಂದು.ವ್ಯಾವ್

ಇದು ಐದು ಸೆಕೆಂಡು ರೆಕಾರ್ಡ್ ಮಾಡುತ್ತದೆ. 'ಸಿಡಿ' ಎಂದರೆ ಸಿ.ಡಿ.ಯ ಗುಣಮಟ್ಟ: 16 ಬಿಟ್, ಸೆಕೆಂಡಿಗೆ ಅಲೆಯ 44,100 ಮಾದರಿ (ಸ್ಯಾಂಪಲ್), ಎಡ ಬಲ ಎರಡು ಚಾನೆಲ್. ಮೊದಲ ಎರಡು ಸೆಕೆಂಡು ಸುಮ್ಮನಿರಿ, ಆಮೇಲೆ ಮಾತಾಡಿ. ಆ ಎರಡು ಸೆಕೆಂಡಿನ ಸುಮ್ಮನಿರುವಿಕೆ ನಮಗೆ ಬೇಕು. ನಂತರ 'ಎಪ್ಲೇ ಒಂದು.ವ್ಯಾವ್' ಎಂದು ಕೊಟ್ಟು ಕೇಳಿ.

ಸಾಧನ ಬೇರೆಯವರ ಕೈಯಲ್ಲಿದೆ ಎಂಬ ಅರ್ಥದ ತಪ್ಪು ಸಂದೇಶ ಬಂದರೆ ಹಿನ್ನೆಲೆಯಲ್ಲಿ ಯಾವುದೋ ಕಾರ್ಯಕ್ರಮ ಮೈಕನ್ನು ನೇರವಾಗಿ ಹಿಡಿದು ಕುಳಿತಿದೆ. 

ಈಗ ಆ ಫೈಲನ್ನು ಆಡಾಸಿಟಿಯಲ್ಲಿ ತೆರೆದು ಅಲೆಯನ್ನು ಕಣ್ಣಿನಿಂದ ನೋಡಿ. ಬರಿಯ ಕಿವಿಯನ್ನು ನಂಬಿದ್ದರೆ ಮೇಷ್ಟ್ರ ಲ್ಯಾಪ್‌ಟಾಪಿನ ದೋಷ ನನಗೂ ಸಿಗುತ್ತಿರಲಿಲ್ಲ.

ಪೂರ್ತಿ ಸೊನ್ನೆ

ಎಷ್ಟು ಹಿಗ್ಗಿಸಿ ನೋಡಿದರೂ ರೂಲರ್ ಇಟ್ಟು ಎಳೆದ ಗೆರೆಯೇ ಕಾಣುತ್ತಿದ್ದರೆ, ಆ ಮೌನ ಕೋಣೆಯದಲ್ಲ. ಜೀವವಿರುವ ಮೈಕ್ ಎಂದೂ ಪೂರ್ತಿ ಸೊನ್ನೆ ಕೊಡುವುದಿಲ್ಲ. ನಡುರಾತ್ರಿಯ ಕೋಣೆಯಲ್ಲೂ ಅದರದೇ ಒಂದು ಸಣ್ಣ 'ಸ್' ಇರುತ್ತದೆ. ಆ 'ಸ್' ಕೂಡ ಇಲ್ಲವೆಂದರೆ ದಾರಿಯಲ್ಲಿ ಯಾರೋ ಬಾಗಿಲು ಹಾಕಿದ್ದಾರೆ.

ಟರ್ಮಿನಲ್‌ನಲ್ಲಿ 'ಆಲ್ಸಾಮಿಕ್ಸರ್' ಎಂದು ಕೊಡಿ. ಎಫ್6 ಒತ್ತಿ ನಿಜವಾದ ಸೌಂಡ್ ಕಾರ್ಡನ್ನು ಆರಿಸಿ, ಎಫ್4 ಒತ್ತಿ ಕ್ಯಾಪ್ಚರ್ ನೋಟಕ್ಕೆ ಹೋಗಿ. ಕ್ಯಾಪ್ಚರ್ ಕಂಬದ ಕೆಳಗೆ ಆ ಪದ ಕೆಂಪಾಗಿ ಬೆಳಗುತ್ತಿರಬೇಕು. ಇಲ್ಲದಿದ್ದರೆ ಬಾಣದ ಕೀಲಿಯಿಂದ ಅಲ್ಲಿಗೆ ಹೋಗಿ ಸ್ಪೇಸ್ ಒತ್ತಿ. ಕಂಬ ನೆಲಕಚ್ಚಿದ್ದರೆ ಮೇಲ್ಬಾಣದಿಂದ ಏರಿಸಿ. ಇಷ್ಟಕ್ಕೇ ಸರಿಹೋಗುವ ಪ್ರಕರಣಗಳು ಬಹಳ.

ಇಲ್ಲಿ ಸರಿಯಿದ್ದು ಒಂದೇ ಒಂದು ಕಾರ್ಯಕ್ರಮದಲ್ಲಿ ಮಾತ್ರ ಸೊನ್ನೆ ಬರುತ್ತಿದ್ದರೆ ಅದು ಅನುಮತಿಯ ವಿಷಯ. ಬ್ರೌಸರಿನಲ್ಲಿ ವಿಳಾಸದ ಪಕ್ಕದ ಗುರುತನ್ನು ಒತ್ತಿ ಮೈಕಿಗೆ ಅನುಮತಿ ಇದೆಯೇ ನೋಡಿ. ಸ್ನ್ಯಾಪ್ ಎಂಬ ಪ್ಯಾಕೇಜಿನ ರೂಪದಲ್ಲಿ ಹಾಕಿಕೊಂಡ ಕಾರ್ಯಕ್ರಮಗಳಿಗೆ ದನಿ ಕೇಳಿಸುವ ಅನುಮತಿ ಬೇರೆ, ದನಿ ಹಿಡಿಯುವ ಅನುಮತಿ ಬೇರೆ. ಎರಡನೆಯದನ್ನು ಅನೇಕ ಬಾರಿ ನಾವೇ ಕೈಯಿಂದ ಕೊಡಬೇಕು. ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿ ಆ ಕಾರ್ಯಕ್ರಮದ ಪುಟ ತೆರೆದರೆ ಸ್ವಿಚ್ ಸಿಗುತ್ತದೆ.

ಉಸಿರು ಇದೆ, ಮಾತು ದೂರ

ಅಲೆಯಲ್ಲಿ ತೆಳ್ಳನೆಯ ನಡುಕ ಇದೆ, ಮಾತಾಡಿದಾಗ ಒಂದಿಷ್ಟೇ ಉಬ್ಬುತ್ತದೆ ಎಂದಾದರೆ ಮೈಕ್ ಬದುಕಿದೆ, ಗೇನ್ (ದನಿಯನ್ನು ಹಿಗ್ಗಿಸುವ ಮಟ್ಟ) ಸಾಲದು. ಆಲ್ಸಾಮಿಕ್ಸರ್‌ನಲ್ಲಿ 'ಇಂಟರ್ನಲ್ ಮೈಕ್ ಬೂಸ್ಟ್' ಎಂಬ ಕಂಬ ಇದ್ದರೆ ಅದು ಸಾಮಾನ್ಯವಾಗಿ 0, 10, 20, 30 ಡೆಸಿಬೆಲ್ ಎಂದು ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. 10 ಡೆಸಿಬೆಲ್ ಎಂದರೆ ಅಲೆಯ ಎತ್ತರ ಮೂರು ಪಟ್ಟಿಗಿಂತ ತುಸು ಹೆಚ್ಚು, 20 ಎಂದರೆ ಹತ್ತು ಪಟ್ಟು, 30 ಎಂದರೆ ಮೂವತ್ತು ಪಟ್ಟಿಗೂ ಮಿಗಿಲು. ಮಾತಿನ ಜೊತೆ ಕೋಣೆಯ ಫ್ಯಾನು, ಬೀದಿಯ ಆಟೋ, ಮೈಕಿನ 'ಸ್' ಎಲ್ಲವೂ ಅಷ್ಟೇ ಪಟ್ಟು ಏರುತ್ತವೆ. ನನ್ನ ಅನುಭವದಲ್ಲಿ 10ರ ಮೆಟ್ಟಿಲಿನಲ್ಲಿ ನಿಲ್ಲಿಸಿ, ಮುಖವನ್ನು ಪರದೆಗೆ ಒಂದೂವರೆ ಗೇಣು ದೂರಕ್ಕೆ ತಂದುಕೊಳ್ಳುವುದು 30ಕ್ಕೆ ಏರಿಸುವುದಕ್ಕಿಂತ ಎಷ್ಟೋ ಮೇಲು. ಮಾತಿನ ಎತ್ತರದ ತುದಿಗಳು ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಬಂದರೆ ಸಾಕು.

ನೀವು ಏರಿಸಿದ ಮಟ್ಟ ತಾನಾಗಿ ಇಳಿಯುತ್ತಿದ್ದರೆ ದೋಷ ಯಂತ್ರದ್ದಲ್ಲ. ಬ್ರೌಸರಿನೊಳಗಿನ ವಿಡಿಯೊ ಕರೆಗಳು ಮೈಕಿನ ಮಟ್ಟವನ್ನು ತಾವೇ ಹೊಂದಿಸಿಕೊಳ್ಳುತ್ತವೆ, ಕರೆ ಮುಗಿದ ಮೇಲೂ ಕೆಲವೊಮ್ಮೆ ಆ ಇಳಿದ ಮಟ್ಟವೇ ಉಳಿದುಬಿಡುತ್ತದೆ. ಪಾಠ ರೆಕಾರ್ಡ್ ಮಾಡುವ ದಿನ ಬ್ರೌಸರನ್ನು ಮುಚ್ಚಿಡಿ.

ನಮ್ಮ ಮಾತಿಲ್ಲ, ಲ್ಯಾಪ್‌ಟಾಪಿನದೇ ಹಾಡಿದೆ

ರೆಕಾರ್ಡಿಂಗಿನಲ್ಲಿ ನಿಮ್ಮ ದನಿ ಇಲ್ಲ, ಆದರೆ ಆ ಹೊತ್ತಿನಲ್ಲಿ ಸ್ಪೀಕರಿನಲ್ಲಿ ಬರುತ್ತಿದ್ದ ಶಬ್ದ ಅಚ್ಚುಕಟ್ಟಾಗಿ ಬಂದಿದೆ ಎಂದರೆ ಮೈಕಿನ ಬದಲು 'ಮಾನಿಟರ್' ಎಂಬ ಮೂಲ ಆಯ್ಕೆಯಾಗಿದೆ. ಸ್ಪೀಕರಿಗೆ ಹೋಗುವ ದನಿಯ ಪ್ರತಿ ಅದು. ಪಲ್ಸ್‌ಆಡಿಯೊ ವಾಲ್ಯೂಮ್ ಕಂಟ್ರೋಲ್ ಎಂಬ ಸಣ್ಣ ಕಾರ್ಯಕ್ರಮವನ್ನು ಹಾಕಿಕೊಳ್ಳಿ. ಹೆಸರಿನಲ್ಲಿ ಪಲ್ಸ್ ಎಂದಿದ್ದರೂ ಪೈಪ್‌ವೈರ್ ಇರುವ ಕಡೆಯೂ ಅದು ಕೆಲಸ ಮಾಡುತ್ತದೆ. ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಅದರ 'ರೆಕಾರ್ಡಿಂಗ್' ಪುಟಕ್ಕೆ ಹೋದರೆ ಯಾವ ಕಾರ್ಯಕ್ರಮ ಯಾವ ಮೂಲದಿಂದ ದನಿ ಪಡೆಯುತ್ತಿದೆ ಎಂದು ಕಾಣುತ್ತದೆ, ಅಲ್ಲೇ ಬದಲಾಯಿಸಬಹುದು. ರೆಕಾರ್ಡಿಂಗ್ ನಿಂತಿದ್ದರೆ ಆ ಪುಟ ಖಾಲಿ ಇರುತ್ತದೆ. ಖಾಲಿ ಪುಟ ಕಂಡು ಇದೂ ಕೆಟ್ಟಿದೆ ಎಂದು ಮುಚ್ಚಿಬಿಡುವವರು ಇದ್ದಾರೆ, ಹಾಗೆ ಮಾಡಬೇಡಿ.

ಅದೇ ಕಾರ್ಯಕ್ರಮದ 'ಕಾನ್ಫಿಗರೇಶನ್' ಪುಟದಲ್ಲಿ ಸೌಂಡ್ ಕಾರ್ಡಿನ ಪ್ರೊಫೈಲ್ 'ಡ್ಯೂಪ್ಲೆಕ್ಸ್', ಅಂದರೆ ಸ್ಪೀಕರ್ ಮೈಕ್ ಎರಡೂ ಇರುವುದು, ಆಗಿದೆಯೇ ನೋಡಿ. ಬರಿಯ 'ಔಟ್‌ಪುಟ್' ಎಂದಿದ್ದರೆ ಸ್ಪೀಕರ್ ಮಾತ್ರ ಇರುತ್ತದೆ, ಮೈಕ್ ಪಟ್ಟಿಗೇ ಬರುವುದಿಲ್ಲ. ಬ್ಲೂಟೂತ್ ಹೆಡ್‌ಸೆಟ್‌ನದೂ ಇದೇ ಕಥೆ: ಹಾಡು ಕೇಳುವ ಪ್ರೊಫೈಲಿನಲ್ಲಿ ಮೈಕ್ ಇರುವುದಿಲ್ಲ, ಮಾತಾಡುವ ಪ್ರೊಫೈಲಿಗೆ ಬದಲಿಸಿದರೆ ಮೈಕ್ ಬರುತ್ತದೆ ಆದರೆ ದನಿ ಫೋನಿನ ಮಟ್ಟಕ್ಕೆ ಇಳಿಯುತ್ತದೆ. ಪಾಠ ಓದಲು ಬ್ಲೂಟೂತ್ ಬೇಡ.

ಪಟ್ಟಿಯೇ ಖಾಲಿ ಇದ್ದರೆ

ಹೊಸ ಲ್ಯಾಪ್‌ಟಾಪುಗಳಲ್ಲಿ ಒಳಮೈಕ್ ಹಳೆಯ ರೀತಿಯಲ್ಲಿ ಸೌಂಡ್ ಚಿಪ್ಪಿಗೆ ಜೋಡಿಸಿರುವುದಿಲ್ಲ. ಅದು ಡಿಜಿಟಲ್ ಮೈಕ್ ಆಗಿದ್ದು ನೇರವಾಗಿ ಪ್ರೊಸೆಸರ್ ಕಡೆಯ ಸಿಗ್ನಲ್ ಪ್ರೊಸೆಸರಿಗೆ ಹೋಗುತ್ತದೆ. ಇಂಟೆಲ್ ಯಂತ್ರಗಳಲ್ಲಿ ಇದನ್ನು ನಡೆಸಲು ಆ ಸಿಗ್ನಲ್ ಪ್ರೊಸೆಸರಿನೊಳಗೆ ಓಡುವ ತಂತ್ರಾಂಶವಾದ ಸೌಂಡ್ ಓಪನ್ ಫರ್ಮ್‌ವೇರ್ ಬೇಕು. ಫರ್ಮ್‌ವೇರ್ ಪ್ಯಾಕೇಜ್ ಇಲ್ಲದಿದ್ದರೆ ಕೆಲವು ಕಡೆ ಸ್ಪೀಕರೂ ಹೋಗಿ 'ಡಮ್ಮಿ ಔಟ್‌ಪುಟ್' ಎಂದು ಬರುತ್ತದೆ. ಹಳೆಯ ಡ್ರೈವರ್ ಬಳಕೆಯಾಗುತ್ತಿದ್ದರೆ ಸ್ಪೀಕರ್ ಸರಿಯಾಗಿದ್ದು ಮೈಕ್ ಮಾತ್ರ ಕಾಣೆಯಾಗುತ್ತದೆ. ಡೆಬಿಯನ್ ಮತ್ತು ಉಬುಂಟುವಿನಲ್ಲಿ 'ಫರ್ಮ್‌ವೇರ್-ಸಾಫ್-ಸೈನ್ಡ್', ಫೆಡೋರಾದಲ್ಲಿ 'ಆಲ್ಸಾ-ಸಾಫ್-ಫರ್ಮ್‌ವೇರ್', ಆರ್ಚ್‌ನಲ್ಲಿ 'ಸಾಫ್-ಫರ್ಮ್‌ವೇರ್' ಎಂಬುದು ಆ ಪ್ಯಾಕೇಜಿನ ಹೆಸರು. ಹಾಕಿ, ಯಂತ್ರವನ್ನು ಪೂರ್ತಿ ಆರಿಸಿ, ಮತ್ತೆ ಹಚ್ಚಿ.

ಎಎಂಡಿ ರೈಜೆನ್ ಯಂತ್ರಗಳ ಕೆಲವು ಮಾದರಿಗಳಲ್ಲಿ ತೊಡಕು ಬೇರೆ. ಒಳಮೈಕ್ ಇದೆ ಎಂದು ಕರ್ನಲ್ ತಿಳಿಯುವುದು ಲ್ಯಾಪ್‌ಟಾಪಿನ ಮಾದರಿಯ ಹೆಸರು ಡ್ರೈವರಿನೊಳಗಿನ ಒಂದು ಪಟ್ಟಿಯಲ್ಲಿದ್ದಾಗ. ನಿಮ್ಮ ಮಾದರಿ ಆ ಪಟ್ಟಿಗೆ ಸೇರುವ ಮೊದಲಿನ ಕರ್ನಲ್ ನಿಮ್ಮಲ್ಲಿದ್ದರೆ ಹೊಸ ಕರ್ನಲ್ ಹಾಕುವುದೇ ಮದ್ದು. ಇಂಥ ಯಂತ್ರದ ಮೈಕ್ ವಿಂಡೋಸಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ, ಆದ್ದರಿಂದ ಬೋರ್ಡ್ ಬಿಚ್ಚುವ ಮಾತಿಗೆ ಒಪ್ಪಬೇಡಿ.

ಹೆಡ್‌ಫೋನಿನ ಪಿನ್

ಚುಚ್ಚುವ ಪಿನ್ನನ್ನು ಕಣ್ಣ ಹತ್ತಿರ ಹಿಡಿದು ಕಪ್ಪು ಗೆರೆಗಳನ್ನು ಎಣಿಸಿ. ಮೂರು ಗೆರೆ ಇದ್ದರೆ ಮೈಕ್ ಇರುವ ಪಿನ್, ಎರಡೇ ಇದ್ದರೆ ಬರಿಯ ಹೆಡ್‌ಫೋನ್ ಅಥವಾ ಬರಿಯ ಮೈಕ್. ಲ್ಯಾಪ್‌ಟಾಪಿನಲ್ಲಿ ಒಂದೇ ತೂತು ಇದ್ದರೆ ಅದಕ್ಕೆ ಮೂರು ಗೆರೆಯ ಪಿನ್ನೇ ಬೇಕು. ಎರಡು ತೂತು ಇರುವ ಹಳೆಯ ಯಂತ್ರಕ್ಕೆ ಮೂರು ಗೆರೆಯದನ್ನು ಚುಚ್ಚಿದರೆ ಮೈಕ್ ಬರುವುದಿಲ್ಲ. ಎರಡು ಕವಲಿನ ಒಂದು ಸಣ್ಣ ಕೇಬಲ್ ಕೊಳ್ಳಬೇಕು. ಚುಚ್ಚಿದಾಗ ಏನನ್ನು ಜೋಡಿಸಿದಿರಿ ಎಂದು ಪರದೆಯ ಮೇಲೆ ಪ್ರಶ್ನೆ ಬಂದರೆ ಹೆಡ್‌ಸೆಟ್ ಎಂದೇ ಉತ್ತರಿಸಿ.

ಗುಂಯ್ ಎನ್ನುವ ದನಿ

ಮಾತಿನ ಹಿಂದೆ ಒಂದೇ ಸಮನೆ ಗುಂಯ್ ಎನ್ನುತ್ತಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಇನ್ನೊಮ್ಮೆ ರೆಕಾರ್ಡ್ ಮಾಡಿ. ಸದ್ದು ಹೋಯಿತೆಂದರೆ ಅದು ಕರೆಂಟಿನದು. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್. ಆಡಾಸಿಟಿಯ 'ಪ್ಲಾಟ್ ಸ್ಪೆಕ್ಟ್ರಮ್' ತೆರೆದರೆ 50, 100, 150ರ ಹತ್ತಿರ ಶಿಖರಗಳು ಎದ್ದು ಕಾಣುತ್ತವೆ. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ಬಳಸುವ ಮನೆಗಳಲ್ಲಿ, ಅರ್ಥಿಂಗ್ ಸಡಿಲವಾದ ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಸಾಫ್ಟ್‌ವೇರಿನಲ್ಲಿ ಅದನ್ನು ಅಳಿಸಲು ಹೋಗಬೇಡಿ. ಅರ್ಥಿಂಗ್ ಸರಿಮಾಡಿಸಿ, ಅಲ್ಲಿಯವರೆಗೆ ಬ್ಯಾಟರಿಯ ಮೇಲೆ ಓದಿ. ಅರ್ಥಿಂಗ್ ಇಲ್ಲದ ಮನೆ ಮೈಕಿಗಿಂತ ಮೊದಲು ಮನುಷ್ಯರಿಗೆ ಅಪಾಯ.

ಎಡ ಎದ್ದರೆ ಬಲ ಬೀಳುವ ದೋಷ

ಈಗ ಮೇಷ್ಟ್ರ ಲ್ಯಾಪ್‌ಟಾಪ್. ಮೇಲಿನ ಎಲ್ಲವನ್ನೂ ನೋಡಿ ಮುಗಿಸಿದ್ದೆ. ಸಾಧನ ಪಟ್ಟಿಯಲ್ಲಿತ್ತು, ಕ್ಯಾಪ್ಚರ್ ಕೆಂಪಾಗಿತ್ತು, ಮೀಟರ್ ಮಾತಿಗೆ ಸರಿಯಾಗಿ ಏರಿಳಿಯುತ್ತಿತ್ತು. ಇಯರ್‌ಫೋನಿನಲ್ಲಿ ಕೇಳಿದರೆ ದನಿ ಇದ್ದರೂ ಅದಕ್ಕೆ ನೆಲೆ ಇರಲಿಲ್ಲ. ಎದುರಿನಿಂದ ಬರಬೇಕಾದ ಮಾತು ತಲೆಯ ಎರಡೂ ಪಕ್ಕದಿಂದ, ಹಿಂದಿನಿಂದ ಬಂದಂತೆ ಇತ್ತು. ಕಿವಿಗೆ ಒಂದು ಬಗೆಯ ಕಸಿವಿಸಿ. ಅದೇ ಫೈಲನ್ನು ನನ್ನ ಮೊಬೈಲಿನ ಒಂದೇ ಸ್ಪೀಕರಿನಲ್ಲಿ ಹಾಕಿದರೆ ದೂರದ ಸೊಳ್ಳೆಯ ಸದ್ದಿನಷ್ಟು ಏನೋ ಉಳಿದು, ಮಾತು ಮಾಯವಾಗಿತ್ತು.

ಆಡಾಸಿಟಿಯಲ್ಲಿ ಆ ಪಾಠವನ್ನು ತೆರೆದು, 'ಅಶೋಕ' ಎಂಬ ಒಂದೇ ಪದದ ಮೇಲೆ ಹಿಗ್ಗಿಸುತ್ತಾ ಹೋದೆ. ಮೇಲೆ ಎಡ ಚಾನೆಲ್, ಕೆಳಗೆ ಬಲ ಚಾನೆಲ್. ಸಾಕಷ್ಟು ಹಿಗ್ಗಿದ ಮೇಲೆ ಅಲೆಯ ಒಂದೊಂದು ಸುತ್ತೂ ಬೇರೆಬೇರೆಯಾಗಿ ಕಂಡಿತು. ಎಡದಲ್ಲಿ ಗೆರೆ ಮೇಲೆದ್ದ ಅದೇ ಕ್ಷಣದಲ್ಲಿ ಬಲದಲ್ಲಿ ಅಷ್ಟೇ ಕೆಳಗಿಳಿದಿತ್ತು. ಎಡ ಇಳಿದಲ್ಲಿ ಬಲ ಏರಿತ್ತು. ಕಡೆಗೋಲಿನ ಹಗ್ಗದ ಎರಡು ತುದಿಗಳ ಹಾಗೆ, ಒಂದು ಕೈ ಎಳೆದಷ್ಟೂ ಇನ್ನೊಂದು ಕೈ ಬಿಡುತ್ತಿತ್ತು. ಮೇಷ್ಟ್ರನ್ನು ಹತ್ತಿರ ಕರೆದು ತೋರಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, "ಎರಡನ್ನೂ ಕೂಡಿದರೆ ಸೊನ್ನೆ" ಎಂದರು. ಅಷ್ಟೇ ವಿಷಯ.

ಕೆಲವು ಲ್ಯಾಪ್‌ಟಾಪುಗಳ ಒಳಮೈಕ್ ತನ್ನ ದನಿಯನ್ನು ಒಂದು ಚಾನೆಲಿನಲ್ಲಿ ಇದ್ದಂತೆ, ಇನ್ನೊಂದರಲ್ಲಿ ತಲೆಕೆಳಗು ಮಾಡಿ ಕೊಡುತ್ತದೆ. ವಿಂಡೋಸಿನ ಡ್ರೈವರಿಗೆ ಅದು ಗೊತ್ತಿರುತ್ತದೆ. ಲಿನಕ್ಸಿಗೆ ಯಾರಾದರೂ ಹೇಳಬೇಕು. ಹೇಳಿರುವ ಮಾದರಿಗಳ ಪಟ್ಟಿ ಕರ್ನಲ್‌ನಲ್ಲಿದೆ, ಮೇಷ್ಟ್ರ ಯಂತ್ರಕ್ಕೆ ಆ ತಿದ್ದುಪಡಿ ತಗುಲಿರಲಿಲ್ಲ. ಎರಡು ಕಿವಿಗೆ ಎರಡು ಚಾನೆಲ್ ಬೇರೆಬೇರೆ ಹೋಗುವಷ್ಟು ಕಾಲ ದನಿ ಕೇಳುತ್ತದೆ. ಒಂದೇ ಸ್ಪೀಕರಿನ ಮೊಬೈಲ್ ಎರಡನ್ನೂ ಕೂಡಿಸಿದ ಕೂಡಲೇ ಒಂದನ್ನೊಂದು ತಿಂದುಹಾಕುತ್ತವೆ. ಫೋನಿನಲ್ಲಿ ಬೇಗ ಹೋಗಲೆಂದು ಫೈಲನ್ನು ಮೋನೊ, ಅಂದರೆ ಒಂದೇ ಚಾನೆಲ್, ಮಾಡಿ ಉಳಿಸಿದರೂ ಅದೇ ಗತಿ. ಇಂಟರ್ನೆಟ್ ಕರೆಗಳಲ್ಲೂ ದನಿ ಮೋನೊ ಆಗಿಯೇ ಹೋಗುವುದು ಹೆಚ್ಚು, ಆದ್ದರಿಂದ ಈ ದೋಷವಿರುವ ಯಂತ್ರದಲ್ಲಿ ಮೀಟರ್ ಕುಣಿಯುತ್ತಿದ್ದರೂ ಆಚೆಯವರಿಗೆ ಏನೂ ಕೇಳುವುದಿಲ್ಲ. ಮೀಟರ್ ಕುಣಿಯುತ್ತದೆ, ಆಚೆಗೆ ಕೇಳುವುದಿಲ್ಲ ಎಂಬ ಎರಡು ಮಾತು ಒಟ್ಟಿಗೆ ಬಂದರೆ ನನ್ನ ಮೊದಲ ಗುಮಾನಿ ಈಗ ಇದೇ.

ಖಚಿತ ಮಾಡಿಕೊಳ್ಳಲು ಆಡಾಸಿಟಿಯಲ್ಲಿ ಒಂದು ಚಾನೆಲಿನ ಅಲೆಯನ್ನು ತಿರುಗಿಸಿ ಹಾಕುವ 'ಇನ್ವರ್ಟ್' ಎಂಬ ಆಯ್ಕೆ ಇದೆ. ಸ್ಟೀರಿಯೊ ಟ್ರ್ಯಾಕನ್ನು ಎರಡು ಮೋನೊ ಟ್ರ್ಯಾಕುಗಳಾಗಿ ಬಿಡಿಸಿ, ಒಂದಕ್ಕೆ ಇನ್ವರ್ಟ್ ಕೊಟ್ಟು ಎರಡನ್ನೂ ಒಟ್ಟಿಗೆ ನುಡಿಸಿದಾಗ ಮೇಷ್ಟ್ರ ದನಿ ಕೋಣೆಯ ನಡುವೆ ಬಂದು ನಿಂತಿತು. ಅವರು ತಮ್ಮ ಓದನ್ನು ತಾವೇ ಕೇಳುತ್ತಾ ಎರಡು ನಿಮಿಷ ಸುಮ್ಮನೆ ಕುಳಿತರು.

ಸರಿಪಡಿಸುವುದು ಸುಲಭ. ಪಲ್ಸ್‌ಆಡಿಯೊ ವಾಲ್ಯೂಮ್ ಕಂಟ್ರೋಲ್‌ನ 'ಇನ್‌ಪುಟ್ ಡಿವೈಸಸ್' ಪುಟದಲ್ಲಿ ಒಳಮೈಕಿನ ಪಕ್ಕ ಬೀಗದ ಚಿತ್ರವಿದೆ. ಅದನ್ನು ಒತ್ತಿದರೆ ಎಡ ಬಲಗಳ ಜೋಡಿ ಬಿಡುತ್ತದೆ. ಬಲವನ್ನು ಪೂರ್ತಿ ಸೊನ್ನೆಗೆ ಇಳಿಸಿ, ಎಡವನ್ನು ಹಾಗೇ ಬಿಡಿ. ಈಗ ಕೂಡಿದರೆ ಕಳೆಯಲು ಎದುರಾಳಿಯೇ ಇಲ್ಲ. ಮೋನೊ ಮಾಡಿದಾಗ ದನಿ ಅರ್ಧಕ್ಕೆ, ಅಂದರೆ 6 ಡೆಸಿಬೆಲ್ ಇಳಿಯುತ್ತದೆ, ಗೇನ್ ತುಸು ಏರಿಸಿದರೆ ಸರಿ. ಆಲ್ಸಾಮಿಕ್ಸರ್‌ನಲ್ಲೂ ಇದು ಸಾಧ್ಯ: ಕ್ಯಾಪ್ಚರ್ ಕಂಬದ ಮೇಲೆ ನಿಂತು 'ಸಿ' ಕೀಲಿ ಒತ್ತುತ್ತಾ ಹೋದರೆ ಬಲ ಮಾತ್ರ ಇಳಿಯುತ್ತದೆ, 'ಜೆಡ್' ಒತ್ತಿದರೆ ಎಡ. ಇಂಟೆಲ್ ಎಚ್‌ಡಿ ಆಡಿಯೊ ಡ್ರೈವರಿಗೆ 'ಇನ್ವ್-ಡಿಮಿಕ್' ಎಂಬ ಮಾದರಿ ಹೆಸರನ್ನು ಕೊಟ್ಟು ಕರ್ನಲ್ ಮಟ್ಟದಲ್ಲೇ ತಿದ್ದುವ ದಾರಿಯೂ ಕೆಲವು ಚಿಪ್ಪುಗಳಿಗಿದೆ, ಆದರೆ ಬೀಗ ಬಿಡಿಸಿ ಕೆಲಸ ಆಗುವಾಗ ಅಷ್ಟು ಆಳಕ್ಕೆ ಇಳಿಯುವ ಅಗತ್ಯ ನನಗೆ ಕಾಣಲಿಲ್ಲ.

ಒಂದು ಎಚ್ಚರಿಕೆ. ಬೀಗ ಬಿಡಿಸಿದ ಮೇಲೆ ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್‌ಗೆ ಹೋಗಿ ಮೈಕಿನ ಒಂದೇ ಜಾರುಪಟ್ಟಿಯನ್ನು ಎಳೆದರೆ ಎರಡೂ ಚಾನೆಲ್ ಮತ್ತೆ ಸಮವಾಗಿಬಿಡಬಹುದು. ಎಳೆದ ಮೇಲೆ ಒಮ್ಮೆ ತಿರುಗಿ ನೋಡಿ. ಆಲ್ಸಾಮಿಕ್ಸರ್‌ನಲ್ಲಿ ಬದಲಿಸಿದವರು 'ಸುಡೊ ಆಲ್ಸಾಸಿಟಿಎಲ್ ಸ್ಟೋರ್' ಎಂದು ಕೊಟ್ಟು ಮಟ್ಟಗಳನ್ನು ಉಳಿಸಿಕೊಳ್ಳಿ. ಎಲ್ಲ ಸರಿಯಿದ್ದೂ ಸೌಂಡ್ ಸರ್ವರ್ ಹಳೆಯದನ್ನೇ ಹಿಡಿದುಕೊಂಡಿದ್ದರೆ ಲಾಗೌಟ್ ಆಗಿ ಮತ್ತೆ ಬನ್ನಿ.

ಹೋಯಿತೆಂದುಕೊಂಡ ಪಾಠಗಳು

ಮೂರು ವಾರದ ಓದು ಏನಾಯಿತು? ಸ್ಟೀರಿಯೊ ಮೂಲ ಫೈಲ್ ಉಳಿದಿದ್ದರೆ ಏನೂ ಹೋಗಿಲ್ಲ. ಎರಡು ಚಾನೆಲುಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ತೆಗೆದುಕೊಂಡರೆ ಪೂರ್ತಿ ದನಿ ಅಲ್ಲೇ ಇದೆ. ಆಡಾಸಿಟಿಯಲ್ಲಿ ಟ್ರ್ಯಾಕಿನ ಮೆನುವಿನಿಂದ ಎರಡು ಮೋನೊ ಆಗಿ ಬಿಡಿಸಿ, ಒಂದನ್ನು ಅಳಿಸಿ, ಉಳಿದದ್ದನ್ನು ಮಧ್ಯಕ್ಕೆ ಇಟ್ಟು ಉಳಿಸಿ. ಫೈಲುಗಳು ಬಹಳ ಇದ್ದರೆ ಸಾಕ್ಸ್ ಎಂಬ ಕಾರ್ಯಕ್ರಮ ಹಾಕಿಕೊಂಡು ಹೀಗೆ ಕೊಡಿ:

ಸಾಕ್ಸ್ ಹಳೆಯದು.ವ್ಯಾವ್ ಹೊಸದು.ವ್ಯಾವ್ ರೀಮಿಕ್ಸ್ 1

ಕೊನೆಯ 1 ಎಂದರೆ ಮೊದಲನೆಯ ಚಾನೆಲ್ ಮಾತ್ರ. ಒಂದು ಪಾಠಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಆದರೆ ಈಗಾಗಲೇ ಮೋನೊ ಮಾಡಿ ಉಳಿಸಿ, ಮೂಲವನ್ನು ಅಳಿಸಿದ್ದರೆ ಯಾವ ಸಾಧನದಿಂದಲೂ ಅದನ್ನು ಮರಳಿ ತರಲಾಗುವುದಿಲ್ಲ. ಕೂಡಿಸಿದಾಗ ಕಳೆದುಹೋದ ಅಲೆ ಫೈಲಿನಲ್ಲೇ ಇಲ್ಲ. ಹಾಳಾದ ರೆಕಾರ್ಡಿಂಗನ್ನು ಅಳಿಸಬೇಡಿ ಎಂದು ಮೊದಲೇ ಹೇಳಿದ್ದು ಈ ಕಾರಣಕ್ಕೂ ಹೌದು.

ಮೇಷ್ಟ್ರ ಬಳಿ ಹತ್ತೊಂಬತ್ತು ಪಾಠಗಳಲ್ಲಿ ಹದಿಮೂರರ ಮೂಲ ಉಳಿದಿತ್ತು. ಜಾಗ ಸಾಲದೆಂದು ಮೊದಲ ಆರನ್ನು ಅಳಿಸಿದ್ದರು. ಹದಿಮೂರನ್ನು ಅಂದು ರಾತ್ರಿಯೇ ಬಿಡಿಸಿ, ನನ್ನ ಮೊಬೈಲಿನ ಸ್ಪೀಕರಿನಲ್ಲಿ ಒಂದೊಂದರ ಆರಂಭವನ್ನೂ ನುಡಿಸಿ ನೋಡಿ ಕಳಿಸಿದೆವು. ಉಳಿದ ಆರಕ್ಕಾಗಿ ಮರುದಿನ ಬೆಳಗಿನ ಐದಕ್ಕೆ ಅವರ ಮನೆಯ ದೀಪ ಹೊತ್ತಿತ್ತು. ಓದುವ ಮೊದಲು ಅವರು ಐದು ಸೆಕೆಂಡು ರೆಕಾರ್ಡ್ ಮಾಡಿ, ಮೋನೊ ಮಾಡಿ, ಆ ವಿದ್ಯಾರ್ಥಿನಿಗೆ ಕಳಿಸಿದ್ದರು. ಅದರಲ್ಲಿದ್ದ ಮಾತು "ಕೇಳಿಸುತ್ತಿದೆಯೇನಮ್ಮ?" ಎಂಬುದೊಂದೇ. ಆರೂ ಕಾಲಿಗೆ ಉತ್ತರ ಬಂತು: "ಕೇಳಿಸುತ್ತಿದೆ ಸರ್, ಮೊದಲ ಪಾಠ ಶುರುಮಾಡಿ."